ಸಾವಿನ ಮನೆಯಲ್ಲಿ ಪಾಠ ಒಪ್ಪಿಸುವುದು

ಶುಬ್ರಾ, ಜೂನ್ ೨೦. ರಾತ್ರಿ ಹನ್ನೊಂದು ಗಂಟೆ. ದಿನವಿಡೀ ರಸಾಯನಶಾಸ್ತ್ರ.

ಪುಸ್ತಕ ಮುಚ್ಚಿದರೆ ನನ್ನ ಮಗಳು ರಿಹಾಮಳಿಗೆ ಸಂಜೆಯವರೆಗೂ ಏನೂ ನೆನಪಿಗೆ ಬರುತ್ತಿರಲಿಲ್ಲ. ಔಷಧ ಕಾಲೇಜಿನ ಸೀಟು ಈ ವಿಷಯದ ಪರೀಕ್ಷೆಯ ಮೇಲೇ ನಿಂತಿದೆ.

ನನ್ನ ಗಂಡ ಸಬ್ರಿ ಇದ್ದಾಗ ಸಂಜೆ ಮಾಳಿಗೆಯ ಮೇಲೆ ಪಾರಿವಾಳಗಳಿಗೆ ಕಾಳು ಹಾಕುತ್ತ ಅವಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. "ಪುಸ್ತಕ ಮುಚ್ಚು, ನಂಗೆ ತಿಳಿಸಿ ಹೇಳು. ನಾನು ದಡ್ಡ."

ಅವರು ತೀರಿಕೊಂಡ ದಿನ ಅತ್ತೆ ಹೇಳಿದರು, "ನಲವತ್ತು ದಿನ ಕಳೆಯೋವರೆಗೂ ಸಾವಿನ ಮನೇಲಿ ಯಾರೂ ಗಂಟಲೆತ್ತಬಾರದು." ಅಂದಿನಿಂದ ರಿಹಾಮ್ ಬಾಯಿ ಮುಚ್ಚಿ ಓದಿದಳು. ಹಳದಿ ಪೆನ್ನಿನಿಂದ ಗೆರೆ ಎಳೆದೆಳೆದು ಪುಟಗಳೆಲ್ಲ ಹಳದಿಯಾದವು. ತಲೆಯಲ್ಲಿ ಏನೂ ಉಳಿಯಲಿಲ್ಲ.

ಇಂದು ಸಂಜೆ ನಾನೇ ಅವಳನ್ನು ಮಾಳಿಗೆಗೆ ಕರೆದೊಯ್ದೆ.

"ನಂಗೆ ಹೇಳು. ನಿಮ್ಮಪ್ಪನಿಗಿಂತ ನಾನೇ ದಡ್ಡಿ."

"ಅಪ್ಪ ದಡ್ಡನ ಥರ ನಾಟಕ ಆಡ್ತಿದ್ರಮ್ಮ. ನೀನು ನಿಜವಾಗ್ಲೂ ದಡ್ಡಿ," ಎಂದು ನಕ್ಕಳು. ಮತ್ತೆ ಅತ್ತಳು. ಆಮೇಲೆ ಶುರುಮಾಡಿದಳು.

ಕೆಳಗಿನಿಂದ ಅತ್ತೆ ಕೂಗಿದರು, "ಯಾರೇ ಅದು ಗಂಟಲೆತ್ತಿದ್ದು?"

"ನಿಮ್ಮ ಸಬ್ರಿ ಮಗಳು," ಎಂದೆ.

ಅತ್ತೆ ಮೆಟ್ಟಿಲ ಬುಡದಲ್ಲೇ ಕೂತು ಕತ್ತಲಾಗುವವರೆಗೆ ಕೇಳಿಸಿಕೊಂಡರು.

ಮೂರು ಪಾಠ ಬಾಯಿಗೆ ಬಂತು. ಒಂಬತ್ತು ಉಳಿದಿವೆ. ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಾಳೆ, ಎಬ್ಬಿಸಲು ಮನಸ್ಸಾಗುತ್ತಿಲ್ಲ.

ಪರೀಕ್ಷೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ.