ಮುಟ್ಟಿದರೆ ತಣ್ಣಗಿರುವ ಬಿಸಿನೀರಿನ ಟ್ಯಾಂಕು

ಸೌರ ತಪಾಸಣೆಯ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಷರ ಸೊಟ್ಟ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು; ಮನ್ನಿಸಿ. ನಾಲ್ಕನೇ ತರಗತಿವರೆಗಷ್ಟೇ ಓದಿದವಳು. ಆದರೆ ನೀವು ದುಂಡು ಅಕ್ಷರದಲ್ಲಿ ಬರೆದು, ನಾನು ಕೆಲಸಕ್ಕೆ ಹೋಗುವ ಡೊಂಬಿವಲಿಯ ಕಟ್ಟಡದ ಗಚ್ಚಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಒಂದೇ ತಪ್ಪಿದೆ, ಬಲು ದೊಡ್ಡದು: "ಸೋಲಾರ್ ಕೆಲಸ ಮಾಡುತ್ತಿಲ್ಲ." ಅಂಟಿಸಿ, ಬಿಸಿನೀರಿನ ಕೊಳವೆಗೆ ಸೀಲ್ ಹಾಕಿ ಹೋದಿರಿ.

ತಪಾಸಣೆಯನ್ನು ನಾನು ಕಣ್ಣಾರೆ ಕಂಡೆ. ಕೂಸಿನ ಬಟ್ಟೆ ಒಣಹಾಕುತ್ತಿದ್ದೆ. ನೀವು ಟ್ಯಾಂಕಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಥಂಡ ಆಹೆ, ಬಂದ್ ಕರಾ!" ಎಂದಿರಿ; ತಣ್ಣಗಿದೆ, ಬಂದ್ ಮಾಡಿ ಅಂತ. ಬಾಯಿಬಿಡಲು ನಾಚಿಕೆಯಾಗಿ, ಒಣಹಾಕಿದ್ದ ಚಾದರದ ಹಿಂದೆ ನಿಂತು ನಕ್ಕೆ. ನಗು ಇನ್ನೂ ನಿಂತಿಲ್ಲ. ಸ್ವಾಮಿ, ಥರ್ಮಾಸಿನ ಹೊರಮೈ ಮುಟ್ಟಿ, ಚಹಾ ಆರಿದೆಯೆಂದು ಯಾರಾದರೂ ಚೆಲ್ಲುತ್ತಾರೆಯೇ?

ಪ್ಲಂಬರ್ ಕಿಟ್ಟಣ್ಣನನ್ನು ಕೇಳಿದೆ. "ಹೊರಗೆ ತಣ್ಣಗಿದ್ರೆ ಅಲ್ವಾ ಮಾರಾಯ್ತಿ, ಒಳಗೆ ಬಿಸಿ ಉಳಿಯುದು!" ಎಂದ. ಕಪ್ಪು ಗಾಜಿನ ನಳಿಕೆಗಳಲ್ಲಿ ನೀರು ಬಿಸಿಲಿಗೆ ಕಾದು, ಹಗುರಾಗಿ, ತಾನೇ ಟ್ಯಾಂಕಿಗೆ ಏರುತ್ತದಂತೆ. ಅದರ ಜಾಗಕ್ಕೆ ತಣ್ಣೀರು ಜಾರಿ ಇಳಿಯುತ್ತದಂತೆ. ಪಂಪಿಲ್ಲ, ಗುಂಡಿಯಿಲ್ಲ, ತಪಾಸಣೆಯವರ ಅಪ್ಪಣೆಯೂ ಬೇಕಿಲ್ಲ! ಬೆಳಗಿನವರೆಗೆ ಬಿಸಿ ಆರದಿರಲೆಂದು ಟ್ಯಾಂಕಿಗೆ ದಪ್ಪ ಹೊದಿಕೆ. ನೀವು ಮುಟ್ಟಿದ್ದು ಆ ಹೊದಿಕೆಯ ಹೊರಗಿನ ತಗಡನ್ನು. ಈಗ ನೀರು ಬಳಸುವವರಿಲ್ಲದೆ, ಮೇಲಿನ ಗಾಳಿಕೊಳವೆಯಿಂದ ಮಧ್ಯಾಹ್ನವೆಲ್ಲ ಹಬೆ ಬರುತ್ತಿದೆ. ಕೆಲಸ ಮಾಡದ ಯಂತ್ರಕ್ಕೆ ಎಂಥ ಉಸಿರು!

ನಾನು ಬಾಣಂತಿಯರಿಗೆ ನೀರು ಹಾಕುವವಳು. ಏಳನೇ ಮಹಡಿಯ ಗಿರಿಜವ್ವನ ಮಗಳು ಸೌಭಾಗ್ಯ ಹೆತ್ತು ಹದಿನೈದು ದಿನ. ಎಣ್ಣೆ ಹಚ್ಚಿ ಸೊಂಟದ ಮೇಲೆ ಐದು ಬಕೆಟ್ ಬಿಸಿನೀರು ಬೀಳಬೇಕು. ಗ್ಯಾಸಿನ ಮೇಲೆ ಒಂದು ಪಾತ್ರೆ ಕಾಯುವಷ್ಟರಲ್ಲಿ ಮೊದಲು ಹೊಯ್ದದ್ದು ಆರಿ, ಅವಳು ನಡುಗುತ್ತಾಳೆ. ಸೊಂಟ ಹಿಡಿದುಕೊಂಡು ಕೂಸನ್ನೂ ಎತ್ತಲಾರಳು. ಅಲ್ಲಿ ಮಾತ್ರ ನನ್ನ ನಗು ನಿಲ್ಲುತ್ತದೆ. ಗಿರಿಜವ್ವ ಗದರುತ್ತಾಳೆ: "ಸಾಹೇಬ್ರ ಕೈಗೆ ತಗಡ ತಣ್ಣಗ ಹತ್ತಿದ್ರ ನನ್ನ ಮಗಳು ಥಂಡಿ ಹಿಡ್ಕೊಂಡು ಕೂಡಬೇಕೇನ? ಪತ್ರ ಬರಿ ಹುಡುಗಿ, ಹಲ್ಲ ಕಿರೀತೀಯೇನ!"

ಬರೆದಿದ್ದೇನೆ. ನೀವೇ ಬನ್ನಿ, ನಾಳೆಯೇ ಬನ್ನಿ. ಸೀಲ್ ಒಡೆದು, ನಳ ತಿರುಗಿಸಿ, ಈ ಸಲ ಕೈಯನ್ನು ನೀರಿಗೆ ಒಡ್ಡಿ. ಆಮೇಲೆ ಚೀಟಿ ಕಿತ್ತುಹಾಕಿ.

ಇಂದು ಬೆಳಿಗ್ಗೆ ಗಚ್ಚಿಯ ನಳದ ಪಕ್ಕ ಒಂದು ಬಕೆಟ್ ತಣ್ಣೀರು ಇಟ್ಟುಬಂದೆ. ಅದು ನಿಮ್ಮ ಕೈಗೆ.

ಇಂತಿ,
ಅಂದೇ ಬಾಯಿಬಿಡಬೇಕಿದ್ದ,
ಚಾದರದ ಹಿಂದಿನ ಹುಡುಗಿ