ಕೆಳಗೆ ಓಪನ್ ಆಗದ ಡ್ರಾಯಿಂಗ್

ಆಗಸ್ಟ್ 3, 2011, ಬುಧವಾರ

ಚಿಕ್ಕಬಾಣಾವರದಿಂದ ಪೀಣ್ಯದ ಫ್ಯಾಕ್ಟರಿವರೆಗೆ ಇವತ್ತೂ ಬಸ್ಸಲ್ಲಿ ನಿಂತೇ ಬಂದೆ. ಕಸ್ಟಮರ್ ವೆಬ್‌ಸೈಟಿಂದ, ಅವರು ತಿದ್ದಿ ಹಾಕಿದ ಒಂಬತ್ತು ಡ್ರಾಯಿಂಗ್ ಡೌನ್‌ಲೋಡ್. ಮೊದಲು ನನ್ನ ಫೋಲ್ಡರಿಗೆ, ಅಲ್ಲಿಂದ ಎಲ್ಲರೂ ನೋಡೋ ಫೋಲ್ಡರಿಗೆ. ಎರಡೂ ಆಫೀಸಿಗೆಲ್ಲ ಒಂದೇ ಆದ ಝಡ್ ಡ್ರೈವಲ್ಲೇ. ಜಾಗ ತುಂಬಿದೆ, ಎರಡೆರಡು ಕಾಪಿ ಇಡಬೇಡಿ ಅಂತ ಸಿಸ್ಟಮ್ ನೋಡಿಕೊಳ್ಳೋ ಲೋಕೇಶ್ ಮೇಲ್ ಹಾಕಿದ್ದ. ಹಾಗಾಗಿ ಈ ಸಲ ಕಾಪಿ ಮಾಡಲಿಲ್ಲ, ಕಟ್-ಪೇಸ್ಟ್.

ಮೂರು ಗಂಟೆಗೆ ಕೆಳಗಿಂದ ಇಂಟರ್‌ಕಾಮ್. ಮಿಷಿನ್ ಶಾಪಿನ ಲಕ್ಷ್ಮಯ್ಯ. ಇಪ್ಪತ್ತೆರಡು ವರ್ಷದ ಸರ್ವೀಸು. ಮೌಸ್ ಮುಟ್ಟೋ ಮೊದಲು ಕೈ ಒರೆಸಿಕೊಳ್ತಾರೆ.

"ಮೇಡಂ, ಬುಷ್ ಡ್ರಾಯಿಂಗ್ ಓಪನ್ ಆಯ್ತಿಲ್ಲ. ಆಕ್ಸೆಸ್ ಡಿನೈಡ್ ಅಂತೈತೆ."

ನಡುವೆ ತೂತಿರೋ ಆ ಪುಟ್ಟ ಲೋಹದ ಕೊಳವೆಯ ಡ್ರಾಯಿಂಗ್ ನನ್ನಲ್ಲಿ ಓಪನ್ ಆಯ್ತು. ರೀಸ್ಟಾರ್ಟ್ ಮಾಡಿ ಅಂದೆ. ಎಲ್ಲರಿಗೂ ಅದನ್ನೇ ಹೇಳೋದು.

ಆಗಸ್ಟ್ 4, ಗುರು

ಮತ್ತೆ ಅದೇ. ಕೆಳಗೆ ಹೋದೆ. ಕೇಬಲ್ ಕಿತ್ತು ಮತ್ತೆ ಹಾಕಿದೆ. ಲಾಗಾಫ್, ಲಾಗಿನ್... ಹಳೇ ಫೈಲೆಲ್ಲ ಓಪನ್. ನಿನ್ನೆಯ ಒಂಬತ್ತು ಮಾತ್ರ ಇಲ್ಲ. ಲೋಕೇಶ್ ಇನ್ನೂ ಮೂರು ಫ್ಯಾಕ್ಟರಿ ನೋಡ್ತಾನೆ, ಸೋಮವಾರ ಬರ್ತೀನಿ ಅಂದ.

ಐದಕ್ಕೆ ಹತ್ತು ನಿಮಿಷ ಇರುವಾಗ ಇಂಟರ್‌ಕಾಮ್. "ಶನಿವಾರ ಮಾಲು ಓಗ್ಬೇಕು ಮೇಡಂ. ಹಳೇ ಪ್ರಿಂಟ್ ಐತೆ. ಅದ್ರಲ್ಲೇ ಮಾಡ್ಲಾ?"

ಬ್ಯಾಗ್ ಹೆಗಲ ಮೇಲಿತ್ತು. ಹೊಸದನ್ನು ಪ್ರಿಂಟ್ ತೆಗೆದು ಕೊಡಬಹುದಿತ್ತು. ಬಸ್ ತಪ್ಪುತ್ತಿತ್ತು. "ಹೂಂ, ಮಾಡಿ" ಅಂದೆ.

ಆಗಸ್ಟ್ 8, ಸೋಮ

ಲೋಕೇಶ್ ಬಂದ. ಎರಡೇ ನಿಮಿಷ.

"ಕಟ್-ಪೇಸ್ಟ್ ಮಾಡಿದ್ರಾ ಮೇಡಂ? ನಿಮ್ಮ ಫೋಲ್ಡರ್ ನಿಮ್ಗೊಬ್ರಿಗೇ. ಕಾಪಿ ಮಾಡಿದ್ರೆ ಫೈಲು ಹೊಸ ಜಾಗದ ಪರ್ಮಿಷನ್ ತಗೊಳ್ಳುತ್ತೆ. ಕಟ್ ಮಾಡಿದ್ರೆ ಹಳೇದೇ ಇಟ್ಕೊಂಡು ಬರುತ್ತೆ."

ಸರಿ ಮಾಡಿದ. ಕೆಳಗೂ ಓಪನ್ ಆಯ್ತು. ರಿಪೋರ್ಟಲ್ಲಿ 'ಚೆಕ್ಡ್, ಓಕೆ' ಅಂತ ಬರೆದ. ಅವನು ಎಲ್ಲ ಕಡೆ ಬರೆಯೋದೇ ಅದು. ಮಾಲು ಶನಿವಾರವೇ ಹೋಗಿತ್ತು.

ಆಗಸ್ಟ್ 22, ಸೋಮ

ಆರುನೂರು ಬುಷ್, ಪೂರ್ತಿ ಲಾಟ್ ವಾಪಸ್. ಹೊಸ ಡ್ರಾಯಿಂಗಲ್ಲಿ ತೂತು ಎಂಟು ಎಂಎಂ. ಹಳೇದರಲ್ಲಿ ಎಂಟೂವರೆ.

ಮಧ್ಯಾಹ್ನ ಊಟ ಮಾಡಿದೆ. ಅನ್ನ ಮುಗೀತು. ರುಚಿ ಗೊತ್ತಾಗಲಿಲ್ಲ.

ಆಗಸ್ಟ್ 23

ಮ್ಯಾನೇಜರ್ ಹನುಮಂತಯ್ಯ ಸಾರ್ ಎಲ್ಲರನ್ನೂ ಕೆಳಗಿನ ಕಂಪ್ಯೂಟರ್ ಮುಂದೆ ನಿಲ್ಲಿಸಿದರು. ಬುಷ್ ಡ್ರಾಯಿಂಗ್ ಮೇಲೆ ಕ್ಲಿಕ್ ಮಾಡಿದರು. ಓಪನ್. ಲೋಕೇಶನ ರಿಪೋರ್ಟ್ ಕೈಯಲ್ಲೇ ಇತ್ತು.

"ಕಂಪ್ಯೂಟರ್ ಬರದಿದ್ರೆ ಬರಲ್ಲ ಅನ್ನಿ ಲಕ್ಷ್ಮಯ್ಯ. ಸುಳ್ಳು ಯಾಕೆ?"

"ಆವತ್ತು ಆಗ್ನಿಲ್ಲ ಸಾರ್. ಮೇಡಂನ ಕೇಳೇ ಮಾಡ್ದೆ."

ಸಾರ್ ನನ್ನ ಕಡೆ ತಿರುಗಿದರು. "ಕೇಳಿದ್ರಾ?"

"ನೆನಪಿಲ್ಲ ಸಾರ್."

ಬಾಯಿಂದ ಸಲೀಸಾಗಿ ಬಂತು. ನಾಚಿಕೆ ಆಗುತ್ತೆ ಅಂತ ಕಾದೆ. ಆಗಲಿಲ್ಲ. ಮೇಲೆ ಬಂದು ಎರಡು ಡ್ರಾಯಿಂಗ್ ಡೌನ್‌ಲೋಡ್ ಮಾಡಿದೆ. ಕಾಪಿ ಮಾಡಿದೆ.

ಆಗಸ್ಟ್ 29

ಸಾರ್‌ಗೆ ಮೇಲ್ ಬರೆದೆ. ಐದು ಸಾಲು. ಕಳಿಸಿಲ್ಲ. ಡ್ರಾಫ್ಟಲ್ಲಿದೆ.

ಸೆಪ್ಟೆಂಬರ್ 10, ಶನಿವಾರ

ಲಕ್ಷ್ಮಯ್ಯನವರ ಕೊನೇ ದಿನ. ತಾವಾಗೇ ಬಿಡ್ತೀನಿ ಅಂತ ಸಾರ್ ಅವರ ಕೈಲಿ ಬರೆಸಿಕೊಂಡಿದ್ದಾರೆ. ಕೆಲಸ ಬಿಡೋವಾಗ ಎಲ್ಲ ಡಿಪಾರ್ಟ್‌ಮೆಂಟಿನ ಸೈನ್ ಬೇಕು. ಫಾರ್ಮ್ ಹಿಡಿದು ಮೇಲೆ ಬಂದರು. ಇಸ್ತ್ರಿ ಮಾಡಿದ ಶರ್ಟ್. ಕೂತ್ಕೊಳ್ಳಿ ಅಂದೆ, ಕೂರಲಿಲ್ಲ. ಇಂಟರ್‌ಕಾಮ್ ವಿಷಯ ಎತ್ತುತ್ತಾರೆ ಅಂದುಕೊಂಡೆ. ಎತ್ತಲಿಲ್ಲ.

"ಒಂದೇ ಒಂದು ಕೇಳ್ತೀನಿ ಮೇಡಂ, ಬೇಜಾರ್ ಮಾಡ್ಕೋಬ್ಯಾಡಿ. ಸಾರ್ ಅಂಗಂದ ಮೇಲೆ ನಂಗೂ ಅನುಮಾನ ಬಂದ್ಬಿಟ್ಟೈತೆ. ಆವತ್ತು ನಾನೇ ಏನಾರ ತಪ್ಪು ಒತ್ತಿದ್ನಾ? ನಿಮ್ಗೆ ಗೊತ್ತಿರ್ತೈತೆ. ಯಾರ್ಗೂ ಏಳಲ್ಲ. ನನ್ ಮನಸ್ಸಿಗಾರ ಗೊತ್ತಾಗ್ಲಿ."

ಸೈನ್ ಹಾಕಿದೆ. ತಾರೀಖು ಬರೆದೆ. ಅವರು ನಿಂತೇ ಇದ್ದರು. ಫಾರ್ಮ್ ಕೊಡುತ್ತಾ ಹೇಳಿದೆ, "ಇರಬಹುದು ಲಕ್ಷ್ಮಯ್ಯನೋರೆ. ಒಂದೊಂದ್ಸಲ ನಮಗೇ ಗೊತ್ತಾಗದ ಹಾಗೆ..."

ತಲೆ ಆಡಿಸಿದರು. ಥ್ಯಾಂಕ್ಸ್ ಮೇಡಂ ಅಂದರು.