ಗೇಟಿನ ಮುದುಕಿಯ ಪ್ರಶ್ನೆ

ಮಾರ್ಚ್ ೧೧, ಮಂಗಳವಾರ

ಇವರು ಮಲಗಿದ್ದಾರೆ, ನಿದ್ದೆ ಬಂದಿಲ್ಲ. ಜನ ಜಾಸ್ತಿಯಾಯಿತೆಂದು ಲಿಫ್ಟ್ ಕಂಪನಿಯವರು ಕೆಲಸದಿಂದ ತೆಗೆದು ಮನೆಗೆ ಕಳಿಸಿದ ಮೇಲೆ ದಿನಾ ಇದೇ ಪಾಡು.

ಸಂಜೆ ಇಬ್ಬರೂ ನಮ್ಮ ಧಾರಾವಾಹಿ ನೋಡಿದೆವು. ಪ್ರಪಂಚವೆಲ್ಲ ಹಾಳಾಗಿ, ಉಳಿದ ಒಂದು ಹಿಡಿ ಜನ ಹಳೇ ಕಾರ್ಖಾನೆಯೊಂದರಲ್ಲಿ ಸೇರಿಕೊಂಡಿರುವ ಕಥೆ. ಅಷ್ಟೆಲ್ಲ ಸಾವುನೋವು ಇದ್ದರೂ ನೋಡುವಾಗ ನನಗೆ ಹಾಯೆನಿಸುತ್ತದೆ. ಅಲ್ಲಿ ಯಾರೂ ಜಾಸ್ತಿಯಾಗುವುದಿಲ್ಲ. ಹೊಸಬರು ಬಂದರೆ ಗೇಟು ಕಾಯುವ ಮುದುಕಿ ಒಂದೇ ಪ್ರಶ್ನೆ ಕೇಳುತ್ತಾಳೆ: "ನಿನಗೆ ಏನು ಕೆಲಸ ಬರುತ್ತೆ?"

ಇವತ್ತು ಅವಳು ಕೇಳಿದಾಗ ಪಕ್ಕದಲ್ಲಿದ್ದ ಇವರು ಮೆಲ್ಲಗೆ, "ಲಿಫ್ಟ್ ರಿಪೇರಿ" ಅಂದರು. ಆಮೇಲೆ ತಾವೇ ನಕ್ಕು, "ಅಲ್ಲಿ ಕರೆಂಟೇ ಇಲ್ವಲ್ಲ ಕಣೇ" ಅಂದರು. ನನಗೆ ನಗು ಬರಲಿಲ್ಲ.

ಪಾತ್ರೆ ತೊಳೆದಿಟ್ಟು ಫೋನ್ ತೆಗೆದೆ. ನಾನಾಡುವ ಬಿಟ್ಟಿ ಆಟದಲ್ಲಿ ನನ್ನದೊಂದು ಮೇಜು-ಕುರ್ಚಿ ಅಂಗಡಿಯಿದೆ. ಅದಕ್ಕೆ ಒಂದೇ ಅಂತಸ್ತು ಸಾಕಿತ್ತು. ಆಟದಲ್ಲಿ ಉಳಿಸಿದ್ದ ದುಡ್ಡನ್ನೆಲ್ಲ ಸುರಿದು ಇನ್ನೊಂದು ಅಂತಸ್ತು ಕಟ್ಟಿಸಿದೆ, ಲಿಫ್ಟ್ ಹಾಕಿಸಿದೆ, ಅದನ್ನು ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್‌ನನ್ನು ಇಟ್ಟುಕೊಂಡೆ. ಲಾಭ ಪಾತಾಳಕ್ಕಿಳಿಯಿತು. "ಈ ನೌಕರನ ಅಗತ್ಯವಿಲ್ಲ, ತೆಗೆದುಹಾಕಬೇಕೇ?" ಎಂದು ಆಟ ಕೇಳುತ್ತಲೇ ಇದೆ. ಬೇಡವೆಂದು ಒತ್ತಿದರೂ ಬಿಡುವುದಿಲ್ಲ.

ಈಗ ಮಂಚ ಕಿರುಗುಟ್ಟಿತು. "ಇನ್ನೂ ಮಲಗಿಲ್ವಾ?" ಅಂದರು.

"ನನ್ನ ಅಂಗಡೀಲಿ ಲಿಫ್ಟ್ ಕೆಟ್ಟಿದೆ ಕಣ್ರೀ" ಅಂದೆ, ಸುಳ್ಳೇ.

ಎದ್ದರು. ಕತ್ತಲಲ್ಲಿ ಕನ್ನಡಕಕ್ಕೆ ತಡಕಾಡುತ್ತಾ ಈ ಕಡೆಗೇ ಬರುತ್ತಿದ್ದಾರೆ. ಡೈರಿ ಮುಚ್ಚಿ ಫೋನ್ ತೆರೆದಿಡುತ್ತೇನೆ.